ಅಮೆರಿಕದ 401ಕೆ ಹಣ ತೆಗೆದಿದ್ದೇನೆ, ಇಲ್ಲಿನ ಐಟಿಆರ್‌ನಲ್ಲಿ ಹೇಗೆ ತೋರಿಸಬೇಕು?

ಕುವೆಂಪುನಗರ_ಮನೆ:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ಬಹಳ ವರ್ಷ ಕೆಲಸ ಮಾಡಿ 2022ರ ಆಗಸ್ಟ್‌ನಲ್ಲಿ ಮೈಸೂರಿಗೆ ವಾಪಸ್ ಬಂದೆ. ಗ್ರೀನ್ ಕಾರ್ಡ್ ಸರದಿ ಬರುವ ಮೊದಲೇ ಹೊರಟುಬಂದೆ, ಕೊನೆಯವರೆಗೂ ಎಚ್‌-1ಬಿ ವೀಸಾದಲ್ಲೇ ಇದ್ದೆ. ವಯಸ್ಸು 60 ದಾಟಿದೆ. ಮನೆಯ ಮೇಲಿನ ಮಹಡಿ ಕಟ್ಟಿಸಬೇಕಿತ್ತು. ಅದಕ್ಕೆ ಕಳೆದ ನವೆಂಬರ್‌ನಲ್ಲಿ 401ಕೆ, ಅಂದರೆ ಅಲ್ಲಿನ ಕಂಪನಿ ಮೂಲಕ ಕೂಡಿಟ್ಟ ನಿವೃತ್ತಿ ಖಾತೆಯಿಂದ 40,000 ಡಾಲರ್ ತೆಗೆದೆ. ಅಲ್ಲಿ 30% ತೆರಿಗೆ ಹಿಡಿದುಕೊಂಡು 28,000 ಡಾಲರ್ ಕೊಟ್ಟರು. ಮಾರ್ಚ್‌ನಲ್ಲಿ ತೆರಿಗೆ ಹಿಡಿದ ಲೆಕ್ಕ ತೋರಿಸುವ 1042-ಎಸ್ ಎಂಬ ಫಾರ್ಮ್ ಕಳಿಸಿದ್ದಾರೆ.

ಇಲ್ಲಿ ಬಾಡಿಗೆ ಮತ್ತು ಎಫ್‌ಡಿ ಬಡ್ಡಿ ಸೇರಿ ವರ್ಷಕ್ಕೆ ಸುಮಾರು 7 ಲಕ್ಷ ಆದಾಯ. ಒಬ್ಬ ಸಿಎ 40,000 ಡಾಲರ್ ಪೂರ್ತಿ ಆದಾಯ ಅಂತ ತೋರಿಸಿ ಎನ್ನುತ್ತಾರೆ. ಸ್ನೇಹಿತರೊಬ್ಬರು ಅಲ್ಲೇ ತೆರಿಗೆ ಕಟ್ಟಿ ಆಗಿದೆ, ಇಲ್ಲಿ ಏನೂ ತೋರಿಸಬೇಡಿ ಎನ್ನುತ್ತಾರೆ. ಯಾರ ಮಾತು ಸರಿ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ತುಮಕೂರು_ಟೆಕ್ಕಿ:
ಸರ್, ನಾನೂ ಹೋದ ವರ್ಷ ಸಿಯಾಟಲ್‌ನಿಂದ ವಾಪಸ್ ಬಂದವನು. ಬರುವ ಮೊದಲು ವಿಚಾರಿಸಿದಾಗ ಎರಡು ಮೂರು ವರ್ಷ ಅಲ್ಲಿನ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ ಎಂದಿದ್ದರು. ನಿಮಗೂ ಅದೇ ಅಲ್ವಾ?

ಲೆಕ್ಕದ_ಪುಸ್ತಕ:
ನಾನು ಬೆಂಗಳೂರಿನಲ್ಲಿ ತೆರಿಗೆ ಕೆಲಸ ಮಾಡುತ್ತೇನೆ. ವಾಪಸ್ ಬಂದವರ ಫೈಲುಗಳೇ ನನ್ನ ಬಳಿ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಹಣ ಎಷ್ಟು, ಅಲ್ಲಿ ಎಷ್ಟು ಹಿಡಿದರು ಎನ್ನುವುದು ಆಮೇಲಿನ ಮಾತು. ಹಣ ತೆಗೆದ ವರ್ಷ ನೀವು ಇಲ್ಲಿ ಯಾವ ಬಗೆಯ ನಿವಾಸಿ ಎಂಬುದನ್ನು ಮೊದಲು ನೋಡಬೇಕು. ಹೊರಗಿಂದ ಬಂದವರು ಮೊದಲು ಆರ್‌ಎನ್‌ಒಆರ್ ಆಗಿರುತ್ತಾರೆ, ಅಂದರೆ ನಿವಾಸಿ ಹೌದು, ಆದರೆ ಇನ್ನೂ ಪೂರ್ಣ ನಿವಾಸಿ ಅಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಮೀರದಿದ್ದರೆ ಈ ಸ್ಥಾನ ಸಿಗುತ್ತದೆ. ಎರಡರಲ್ಲಿ ಒಂದು ಇದ್ದರೆ ಸಾಕು. ಆ ಅವಧಿಯಲ್ಲಿ ಅಮೆರಿಕದಲ್ಲಿ ಹುಟ್ಟಿ, ಅಮೆರಿಕದ ಬ್ಯಾಂಕ್ ಖಾತೆಗೇ ಬಂದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಹಣ ನೇರವಾಗಿ ಇಲ್ಲಿನ ಖಾತೆಗೆ ಬಿದ್ದರೆ ಮಾತ್ರ ಭಾರತದಲ್ಲೇ ಪಡೆದ ಆದಾಯ ಆಗಿಬಿಡುತ್ತದೆ. ಅದಕ್ಕೇ ಅಲ್ಲಿನ ಖಾತೆಗೆ ಮೊದಲು ಹಾಕಿಸಿಕೊಂಡು ಆಮೇಲೆ ತರಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕುವೆಂಪುನಗರ ಸರ್, ನೀವು 2022ರ ಆಗಸ್ಟ್‌ನಲ್ಲಿ ಬಂದಿದ್ದೀರಿ. ನಡುನಡುವೆ ರಜೆಗೆ ಬಂದು ಹೋಗಿದ್ದು ಕಡಿಮೆ ಇದ್ದರೆ 2022-23, 2023-24, 2024-25 ಈ ಮೂರೂ ವರ್ಷ ಆರ್‌ಎನ್‌ಒಆರ್. 2025ರ ಏಪ್ರಿಲ್ 1ರಿಂದ ನೀವು ಆರ್‌ಒಆರ್, ಅಂದರೆ ಪೂರ್ಣ ನಿವಾಸಿ. ಆಗ ಪ್ರಪಂಚದಲ್ಲಿ ಎಲ್ಲಿ ಬಂದ ಆದಾಯವನ್ನಾದರೂ ಇಲ್ಲಿ ತೋರಿಸಲೇಬೇಕು. ನೀವು ಹಣ ತೆಗೆದದ್ದು 2025ರ ನವೆಂಬರ್‌ನಲ್ಲಿ. ಹಾಗಾಗಿ ನಿಮ್ಮ ಸ್ನೇಹಿತರ ಮಾತು ತಪ್ಪು.

ಸಿಎ ಹೇಳಿದ್ದನ್ನೂ ನಾನು ಒಪ್ಪುವುದಿಲ್ಲ. ಕಾರಣ ಹೇಳುವ ಮೊದಲು ಒಂದು ವಿಷಯ ಬೇಕು. 2025ರ ಮಾರ್ಚ್ 31ರಂದು ನಿಮ್ಮ 401ಕೆ ಖಾತೆಯಲ್ಲಿ ಎಷ್ಟಿತ್ತು?

ಕುವೆಂಪುನಗರ_ಮನೆ:
ಕೊರೊನಾ ಸಮಯದಲ್ಲಿ ಬರಲಿಕ್ಕೇ ಆಗಲಿಲ್ಲ, ಹಾಗಾಗಿ 729 ದಿನ ಮೀರಿಲ್ಲ. ಖಾತೆಯ ತ್ರೈಮಾಸಿಕ ಸ್ಟೇಟ್‌ಮೆಂಟ್ ಈಗ ತೆಗೆದು ನೋಡಿದೆ. 2025ರ ಮಾರ್ಚ್ 31ಕ್ಕೆ ಹತ್ತಿರ ಹತ್ತಿರ 2,00,000 ಡಾಲರ್. ನವೆಂಬರ್‌ನಲ್ಲಿ ತೆಗೆಯುವ ಮೊದಲು 2,30,000. ಎಲ್ಲಾ ಸಾಮಾನ್ಯ 401ಕೆ, ತೆರಿಗೆ ಕಟ್ಟಿದ ಹಣ ಹಾಕುವ ರಾತ್ ಬಗೆಯದಲ್ಲ.

ಲೆಕ್ಕದ_ಪುಸ್ತಕ:
ಆ ಮಾರ್ಚ್ 31ರ ಸ್ಟೇಟ್‌ಮೆಂಟನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಇಡೀ ಲೆಕ್ಕ ಅದರ ಮೇಲೆ ನಿಂತಿದೆ.

ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಿ 89ಎ ಎಂಬ ಕಲಂ ಸೇರಿಸಿದರು. ಅದಕ್ಕೆ ಮುಂಚೆ ವಾಪಸ್ ಬಂದವರಿಗೆ ದೊಡ್ಡ ತೊಂದರೆ ಇತ್ತು. ಖಾತೆಯೊಳಗೆ ಹಣ ಬೆಳೆದ ವರ್ಷವೇ ಭಾರತ ತೆರಿಗೆ ಕೇಳುತ್ತಿತ್ತು. ಅಮೆರಿಕ ಕೇಳುವುದು ಹಣ ತೆಗೆದಾಗ, ಅದು ಹತ್ತು ವರ್ಷ ಬಿಟ್ಟು ಆಗಿರಬಹುದು. ಎರಡು ದೇಶಕ್ಕೂ ಕಟ್ಟಿದ್ದಾಗುತ್ತಿತ್ತು, ವರ್ಷ ಬೇರೆ ಬೇರೆ ಆದ್ದರಿಂದ ಒಂದರ ಕ್ರೆಡಿಟ್ ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ. 89ಎ ಇದನ್ನು ಸರಿಮಾಡಿತು. ಅಮೆರಿಕ, ಬ್ರಿಟನ್, ಕೆನಡಾ ಈ ಮೂರು ದೇಶಗಳ ನಿವೃತ್ತಿ ಖಾತೆಗಳಿಗೆ ಇದು ಅನ್ವಯಿಸುತ್ತದೆ, 2022ರ ಏಪ್ರಿಲ್‌ನಲ್ಲಿ ಅಧಿಸೂಚನೆ ಬಂತು. ನೀವು ಫಾರ್ಮ್ 10-ಇಇ ಸಲ್ಲಿಸಿದರೆ, ಅಲ್ಲಿ ತೆರಿಗೆ ಬೀಳುವ ವರ್ಷವೇ ಇಲ್ಲೂ ಬೀಳುತ್ತದೆ.

ಜಾಸ್ತಿ ಜನ ಇಲ್ಲಿಗೆ ಓದಿ ನಿಲ್ಲಿಸುತ್ತಾರೆ. ನಿಜವಾದ ಉಪಕಾರ ಇರುವುದು 21ಎಎಎ ನಿಯಮದ ಎರಡನೇ ಭಾಗದಲ್ಲಿ. ನೀವು ಅನಿವಾಸಿ ಅಥವಾ ಆರ್‌ಎನ್‌ಒಆರ್ ಆಗಿದ್ದ ಕಾರಣ ಇಲ್ಲಿ ತೆರಿಗೆ ಬೀಳದೆ ಇದ್ದ ವರ್ಷಗಳ ಆದಾಯ ಆ ಖಾತೆಯಲ್ಲಿದ್ದರೆ, ಅದನ್ನು ತೆಗೆದಾಗಲೂ ಇಲ್ಲಿನ ಆದಾಯಕ್ಕೆ ಸೇರಿಸುವಂತಿಲ್ಲ. ಅಂದರೆ ನ್ಯೂಜೆರ್ಸಿಯಲ್ಲಿ ದುಡಿದು ಹಾಕಿದ್ದು, ಕಂಪನಿ ಹಾಕಿದ್ದು, 2025ರ ಮಾರ್ಚ್ 31ರವರೆಗೆ ಬೆಳೆದದ್ದು ಎಲ್ಲಾ ಹೊರಗೆ. ತೆರಿಗೆ ಬೀಳುವುದು ಆಮೇಲೆ ಬೆಳೆದ 30,000 ಡಾಲರ್‌ಗೆ, ಅದರಲ್ಲೂ ನೀವು ತೆಗೆದ ಮಟ್ಟಿಗೆ.

ತೆಗೆದ 40,000ದಲ್ಲಿ ಹಳೆಯದೆಷ್ಟು, ಹೊಸ ಬೆಳವಣಿಗೆ ಎಷ್ಟು? ನಾನು ಅನುಪಾತದಲ್ಲಿ ಹಂಚುತ್ತೇನೆ. 2,30,000ದಲ್ಲಿ 30,000 ಹೊಸದು. ಆ ಲೆಕ್ಕದಲ್ಲಿ 40,000ಕ್ಕೆ ಸುಮಾರು 5,217 ಡಾಲರ್. ಡಾಲರ್‌ಗೆ 88 ರೂಪಾಯಿ ಎಂದು ಹಿಡಿಯೋಣ, ಸುಮಾರು 4.59 ಲಕ್ಷ ಆಗುತ್ತದೆ. ನಿಮ್ಮ 7 ಲಕ್ಷ ಸೇರಿ 11.59 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷದವರೆಗೆ 87ಎ ರಿಯಾಯಿತಿ ಇದೆ. ಆದ್ದರಿಂದ ತೆರಿಗೆ ಸೊನ್ನೆ.

ಈಗ 40,000 ಡಾಲರ್ ಪೂರ್ತಿ ಆದಾಯವೆಂದು ತೋರಿಸಿದರೆ? 35.2 ಲಕ್ಷಕ್ಕೆ 7 ಲಕ್ಷ ಸೇರಿ 42.2 ಲಕ್ಷ. ಸೆಸ್ ಸೇರಿ ಸುಮಾರು 8.8 ಲಕ್ಷ ತೆರಿಗೆ. ಅಮೆರಿಕದ ಕ್ರೆಡಿಟ್ ಕಳೆದರೂ ಕೈಯಿಂದ ದೊಡ್ಡ ಮೊತ್ತ ಹೋಗುತ್ತದೆ. ಯಾವ ತಪ್ಪೂ ಮಾಡದ ಮನುಷ್ಯ ಇಷ್ಟು ಹಣ ಸುಮ್ನೆ ಕಟ್ಟುವುದು ನನಗೆ ಸಹಿಸಲಾಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ಕುವೆಂಪುನಗರ_ಮನೆ:
ಸರ್, ಓದಿ ಜೀವ ಬಂದ ಹಾಗಾಯಿತು. ಹಾಗಾದರೆ ಅಲ್ಲಿ ಹಿಡಿದ 12,000 ಡಾಲರ್? ಇಲ್ಲಿ ತೆರಿಗೆಯೇ ಇಲ್ಲದಿದ್ದರೆ ಕ್ರೆಡಿಟ್ ಯಾವುದಕ್ಕೆ ಸಿಗುತ್ತದೆ?

ಲೆಕ್ಕದ_ಪುಸ್ತಕ:
ಇಲ್ಲಿ ಸಿಗುವುದಿಲ್ಲ. ವಿದೇಶಿ ತೆರಿಗೆಯ ಕ್ರೆಡಿಟ್ ಯಾವತ್ತೂ ಇಲ್ಲಿನ ತೆರಿಗೆಯನ್ನು ಮೀರುವಂತಿಲ್ಲ. ಅದು ರೀಫಂಡ್ ಆಗಿಯೂ ಬರುವುದಿಲ್ಲ. ಜೊತೆಗೆ ಇಲ್ಲಿ ಆದಾಯಕ್ಕೆ ಸೇರಿಸದ ಭಾಗಕ್ಕೆ ಅಲ್ಲಿ ಕಟ್ಟಿದ ತೆರಿಗೆಯನ್ನು ಕ್ರೆಡಿಟ್ ಲೆಕ್ಕದಿಂದ ಬಿಡಬೇಕು ಎಂದು ಅದೇ 21ಎಎಎ ಹೇಳುತ್ತದೆ.

ನಿಮ್ಮ ಹಣ ಇರುವುದು ಅಮೆರಿಕದಲ್ಲಿ, ಅಲ್ಲೇ ಕೇಳಬೇಕು. 30% ಎನ್ನುವುದು ಅನಿವಾಸಿಗಳಿಗೆ ಕಂಪನಿ ಹಿಡಿಯುವ ಮೊತ್ತ, ಅದೇ ಕೊನೆಯ ತೆರಿಗೆ ಅಲ್ಲ. ಅಮೆರಿಕದೊಳಗೆ ಮಾಡಿದ ಕೆಲಸಕ್ಕೆ ಸಿಗುವ ನಿವೃತ್ತಿ ಹಣವನ್ನು ಅಲ್ಲಿನ ವೃತ್ತಿಗೆ ಸೇರಿದ ಆದಾಯವೆಂದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ತನ್ನ 519ನೇ ಕೈಪಿಡಿಯಲ್ಲಿ ಹೇಳಿದೆ. ಅಲ್ಲಿನ ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಸಲ್ಲಿಸಿದರೆ ಸಾಮಾನ್ಯ ಸ್ಲ್ಯಾಬ್ ದರ ಸಿಗುತ್ತದೆ. 2025ಕ್ಕೆ ಮೊದಲ 11,925 ಡಾಲರ್‌ಗೆ 10%, ಆಮೇಲೆ 48,475ರವರೆಗೆ 12%. ಅನಿವಾಸಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಹಾಗಿದ್ದರೂ 40,000ಕ್ಕೆ ಬರುವುದು ಸುಮಾರು 4,560 ಡಾಲರ್ ಮಾತ್ರ. ಅಲ್ಲಿ ಬೇರೆ ಆದಾಯ ಇಲ್ಲದಿದ್ದರೆ 7,400ಕ್ಕಿಂತ ಹೆಚ್ಚು ವಾಪಸ್ ಬರಬೇಕು. ಸಂಬಳ ಇಲ್ಲದ ಅನಿವಾಸಿಗೆ ಗಡುವು ಜೂನ್ 15. ಇನ್ನೂ ಟೈಮ್ ಇದೆ. 59 ವರ್ಷ 6 ತಿಂಗಳು ದಾಟಿರುವುದರಿಂದ ವಯಸ್ಸಿಗೆ ಮುಂಚೆ ತೆಗೆದವರಿಗೆ ಬೀಳುವ 10% ದಂಡದ ಪ್ರಶ್ನೆಯೂ ನಿಮಗೆ ಇಲ್ಲ.

ಇದನ್ನು ಇಲ್ಲಿನ ಕ್ರೆಡಿಟ್ ಪಡೆಯುವವರೂ ಗಮನಿಸಿ. ಅಲ್ಲಿ ರೀಫಂಡ್ ಪಡೆದು, ಇಲ್ಲಿ ಪೂರ್ತಿ 30%ಗೆ ಕ್ರೆಡಿಟ್ ಕೇಳುವಂತಿಲ್ಲ. ಇಲ್ಲಿ ಕ್ರೆಡಿಟ್ ಕೇಳುವ ಫಾರ್ಮ್ 67ರಲ್ಲಿ ತೋರಿಸಬೇಕಾದದ್ದು ಕೊನೆಗೆ ನಿಂತ ತೆರಿಗೆ. ರಿಟರ್ನ್ ಸಮಯಕ್ಕೆ ಸಲ್ಲಿಸಿದ್ದರೆ ಫಾರ್ಮ್ 67ಕ್ಕೆ ಮೌಲ್ಯಮಾಪನ ವರ್ಷದ ಕೊನೆಯವರೆಗೆ ಅವಕಾಶ ಇದೆ. ಅಷ್ಟರಲ್ಲಿ ಅಮೆರಿಕದ ರಿಟರ್ನ್ ಮುಗಿದಿರುತ್ತದೆ.

ಹುಬ್ಬಳ್ಳಿ_ಮನೆಮಗಳು:
ಬಹಳ ಉಪಯೋಗ ಆಯ್ತು. ನಾವು ಬರ್ಮಿಂಗ್‌ಹ್ಯಾಮ್‌ನಿಂದ ಹುಬ್ಬಳ್ಳಿಗೆ ಬಂದವರು. ನನ್ನ ಯಜಮಾನರಿಗೆ ಖಾಸಗಿ ಕಂಪನಿಯ ಪೆನ್ಷನ್ ಇದೆ. ಅಲ್ಲಿ ಮೊದಲ 25% ತೆರಿಗೆ ಇಲ್ಲದೆ ತೆಗೆಯಬಹುದು. ಇಲ್ಲೂ ಹಾಗೇನಾ?

ಲೆಕ್ಕದ_ಪುಸ್ತಕ:
ಮೇಡಂ, ಆ 25% ರಿಯಾಯಿತಿ ಬ್ರಿಟನ್ ಕಾನೂನಿನದು. ಇಲ್ಲಿ ಅದು ತಾನಾಗಿ ಅನ್ವಯಿಸುವುದಿಲ್ಲ. ನಿಮ್ಮ ಯಜಮಾನರು ಇನ್ನೂ ಆರ್‌ಎನ್‌ಒಆರ್ ಆಗಿದ್ದರೆ ಆ ಒಂದು ಮೊತ್ತವನ್ನು ಈಗಲೇ, ಅಲ್ಲಿನ ಖಾತೆಗೇ ತೆಗೆದುಕೊಳ್ಳುವುದು ಒಳ್ಳೆಯದು. ಆಮೇಲೆ ತಿಂಗಳು ತಿಂಗಳು ಬರುವ ಪೆನ್ಷನ್‌ಗೆ ದ್ವಿತೆರಿಗೆ ಒಪ್ಪಂದದ ಪ್ರಕಾರ ಭಾರತದಲ್ಲಿ ಮಾತ್ರ ತೆರಿಗೆ. ಬ್ರಿಟನ್ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಅರ್ಜಿ ಹಾಕಿ, ತೆರಿಗೆ ಹಿಡಿಯಬೇಡಿ ಎನ್ನುವ ಎನ್‌ಟಿ ಕೋಡ್ ಹಾಕಿಸಿಕೊಂಡರೆ ಅಲ್ಲಿ ಹಿಡಿಯುವುದು ನಿಲ್ಲುತ್ತದೆ. ಅದಕ್ಕೆ ಇಲ್ಲಿನ ನಿವಾಸಿ ಪ್ರಮಾಣಪತ್ರ ಬೇಕು. ನಿಮ್ಮ ಆದಾಯ ತೆರಿಗೆ ಅಧಿಕಾರಿಗೆ ಅರ್ಜಿ ಕೊಡಿ, ಅವರು ಪ್ರಮಾಣಪತ್ರ ಕೊಡುತ್ತಾರೆ.

ಮೆಲ್ಬರ್ನ್_ವಾಪಸ್:
ಆಸ್ಟ್ರೇಲಿಯಾದ ಸೂಪರ್ ಎಂಬ ನಿವೃತ್ತಿ ಖಾತೆಗೆ ಈ 89ಎ ಬರುತ್ತದಾ?

ಲೆಕ್ಕದ_ಪುಸ್ತಕ:
ಇಲ್ಲ. ಪಟ್ಟಿಯಲ್ಲಿರುವುದು ಆ ಮೂರೇ ದೇಶ. ತಾತ್ಕಾಲಿಕ ವೀಸಾದಲ್ಲಿದ್ದವರು ದೇಶ ಬಿಟ್ಟ ಮೇಲೆ ಸೂಪರ್ ತೆಗೆದರೆ ಸಾಮಾನ್ಯವಾಗಿ 35% ಅಲ್ಲೇ ಹಿಡಿಯುತ್ತಾರೆ. ಅದನ್ನು ಆರ್‌ಎನ್‌ಒಆರ್ ಅವಧಿಯಲ್ಲೇ ಮುಗಿಸಿಕೊಳ್ಳಿ.

ತುಮಕೂರು_ಟೆಕ್ಕಿ:
ಸರ್, ನನಗೆ 48. ಇನ್ನೂ ಆರ್‌ಎನ್‌ಒಆರ್. ನನ್ನ ಕಸಿನ್ ಆರ್‌ಎನ್‌ಒಆರ್ ಮುಗಿಯುವ ಮೊದಲು 401ಕೆ ಪೂರ್ತಿ ಖಾಲಿ ಮಾಡು ಅಂತ ಒತ್ತಾಯ ಮಾಡುತ್ತಿದ್ದಾನೆ. ಜೊತೆಗೆ ಸ್ವಲ್ಪ ರಾತ್ ಐಆರ್‌ಎ (ನಾನೇ ತೆರೆದ ನಿವೃತ್ತಿ ಖಾತೆ) ಕೂಡ ಇದೆ. ಏನು ಮಾಡಲಿ?

ಲೆಕ್ಕದ_ಪುಸ್ತಕ:
401ಕೆ ಖಾಲಿ ಮಾಡುವ ಆತುರ ಬೇಡ. ಈಗ ತೆಗೆದರೆ ಅಲ್ಲಿನ ತೆರಿಗೆಯ ಮೇಲೆ 10% ದಂಡವೂ ಬೀಳುತ್ತದೆ. ಒಂದೇ ವರ್ಷದಲ್ಲಿ ದೊಡ್ಡ ಮೊತ್ತ ತೆಗೆದರೆ ಮೇಲಿನ ಸ್ಲ್ಯಾಬ್‌ಗೂ ಹೋಗುತ್ತೀರಿ. ಇಷ್ಟೆಲ್ಲ ಕೊಟ್ಟು ಉಳಿಸುವುದೇನು? ಆರ್‌ಎನ್‌ಒಆರ್ ಮುಗಿಯುವವರೆಗಿನ ಮೊತ್ತಕ್ಕೆ ಹೇಗೂ 21ಎಎಎ ರಕ್ಷಣೆ ಇದೆ. ನೀವು ಆರ್‌ಒಆರ್ ಆಗುವ ಹಿಂದಿನ ಮಾರ್ಚ್ 31ರ ಸ್ಟೇಟ್‌ಮೆಂಟ್ ತೆಗೆದಿಡಿ, ಮೊದಲ ವರ್ಷವೇ 10-ಇಇ ಸಲ್ಲಿಸಿ. ಮುಂದೆ ಬೇಕಾದಾಗ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ.

ರಾತ್ ಕಥೆ ಬೇರೆ. 89ಎ ಗೆ ಬರಬೇಕಾದರೆ ಆ ಖಾತೆಗೆ ಅಲ್ಲಿ ಹಣ ತೆಗೆದಾಗ ತೆರಿಗೆ ಬೀಳಬೇಕು. ನಿಯಮದಂತೆ ತೆಗೆದ ರಾತ್ ಹಣಕ್ಕೆ ಅಲ್ಲಿ ತೆರಿಗೆಯೇ ಇಲ್ಲ. ಹಾಗಾಗಿ ರಾತ್ ಈ ವ್ಯಾಖ್ಯೆಯೊಳಗೆ ಕೂರುವುದಿಲ್ಲ. ಆರ್‌ಒಆರ್ ಆದ ಮೇಲೆ ಅದರ ಬೆಳವಣಿಗೆಗೆ ಇಲ್ಲಿ ತೆರಿಗೆ ಕೇಳಿದರೆ, ಅಲ್ಲಿ ಕಟ್ಟದ ಕಾರಣ ಕ್ರೆಡಿಟ್ ಕೂಡ ಇಲ್ಲ. ಆರ್‌ಎನ್‌ಒಆರ್ ಸಮಯವನ್ನು ರಾತ್ ಮತ್ತು ಅಲ್ಲಿನ ಷೇರುಗಳ ಬಗ್ಗೆ ಯೋಚಿಸಲು ಬಳಸಿಕೊಳ್ಳಿ. ರಾತ್ ಐಆರ್‌ಎ ಗೆ ನೀವು ನೇರವಾಗಿ ಹಾಕಿದ ಅಸಲನ್ನು ದಂಡ ಇಲ್ಲದೆ ಯಾವಾಗ ಬೇಕಾದರೂ ತೆಗೆಯಬಹುದು.

ಇನ್ನೊಂದು ಎಚ್ಚರಿಕೆ. ಮಕ್ಕಳು ಅಲ್ಲಿದ್ದಾರೆ, ನಾಲ್ಕು ವರ್ಷ ಬಿಟ್ಟು ಮತ್ತೆ ಹೋಗಬಹುದು ಎನ್ನುವವರು 10-ಇಇ ಹಾಕುವ ಮೊದಲು ಕೂತು ಯೋಚಿಸಿ. ಒಮ್ಮೆ ಆರಿಸಿಕೊಂಡರೆ ಹಿಂತೆಗೆಯುವಂತಿಲ್ಲ. ಆಮೇಲೆ ಮತ್ತೆ ಅನಿವಾಸಿ ಆದರೆ, ಆ ಆಯ್ಕೆ ಮಾಡಿಯೇ ಇರಲಿಲ್ಲ ಎಂದು ಕಾನೂನು ಭಾವಿಸುತ್ತದೆ. ನಡುವಿನ ವರ್ಷಗಳ ಬೆಳವಣಿಗೆಯ ತೆರಿಗೆಯನ್ನೆಲ್ಲ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಡಲ್ಲಾಸ್_ಕನ್ನಡಿಗ:
ಗ್ರೀನ್ ಕಾರ್ಡ್ ಇರುವವರಿಗೆ ನನ್ನದೊಂದು ಮಾತು. ಇಲ್ಲಿನ ಕನ್ನಡ ಸಂಘದಲ್ಲಿ ವಾಪಸ್ ಹೊರಟ ಹಿರಿಯರು ಬಹಳ ಜನ ಕೇಳುತ್ತಾರೆ. ಕಾರ್ಡ್ ಕೈಯಲ್ಲಿ ಇರುವವರೆಗೆ ನೀವು ಎಲ್ಲಿದ್ದರೂ ಅಮೆರಿಕದ ತೆರಿಗೆ ನಿವಾಸಿಗಳೇ. ಬರುವುದು 1042-ಎಸ್ ಅಲ್ಲ, ಅಲ್ಲಿನ ನಿವಾಸಿಗಳಿಗೆ ಕೊಡುವ 1099-ಆರ್. ಸಲ್ಲಿಸುವುದು ಮಾಮೂಲಿ 1040. ಇನ್ನು ಕಳೆದ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡವರು ಅದನ್ನು ವಾಪಸ್ ಕೊಡುವಾಗ ಫಾರ್ಮ್ 8854 ಸಲ್ಲಿಸಬೇಕು. ಆಸ್ತಿ 20 ಲಕ್ಷ ಡಾಲರ್ ದಾಟಿದ್ದರೆ ಎಕ್ಸಿಟ್ ಟ್ಯಾಕ್ಸ್ ಬರುತ್ತದೆ. ಆಗ ಐಆರ್‌ಎ ಪೂರ್ತಿ ಹಿಂದಿನ ದಿನವೇ ತೆಗೆದ ಹಾಗೆ ಲೆಕ್ಕ. ಮನೆ ಬೆಲೆ ಏರಿರುವ ಈ ಕಾಲದಲ್ಲಿ 20 ಲಕ್ಷ ಬಹಳ ದೂರ ಇಲ್ಲ. ಕಾರ್ಡ್ ಕೊಡುವ ಮೊದಲು ಲೆಕ್ಕ ಮಾಡಿಸಿ.

ನನಗೂ ಒಂದು ಪ್ರಶ್ನೆ ಇದೆ, ಉಲ್ಟಾ ದಿಕ್ಕಿನದು. ಬೆಂಗಳೂರಿನ ಹಳೆಯ ಪಿಎಫ್ ಮತ್ತು ಪಿಪಿಎಫ್ ಹಾಗೇ ಇವೆ. ಈ ವರ್ಷ ತೆಗೆದರೆ?

ಲೆಕ್ಕದ_ಪುಸ್ತಕ:
ನಮ್ಮಲ್ಲಿ ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲ, ಆದರೆ ಆ ವಿನಾಯಿತಿ ಅಮೆರಿಕಕ್ಕೆ ಸಂಬಂಧಿಸಿದ್ದಲ್ಲ. ಅಲ್ಲಿ ಬಡ್ಡಿಯನ್ನು ತೋರಿಸಬೇಕು. ಅನಿವಾಸಿಗಳು ಪಿಪಿಎಫ್ ಅನ್ನು 15 ವರ್ಷಕ್ಕೆ ಮುಗಿಸಬೇಕು, ಮುಂದುವರಿಸುವಂತಿಲ್ಲ. ಪಿಎಫ್‌ನಲ್ಲಿ ಸತತ 5 ವರ್ಷ ಸೇವೆ ಆಗಿದ್ದರೆ ಅಸಲಿಗೆ ಮತ್ತು ಕೆಲಸದಲ್ಲಿದ್ದ ಕಾಲದ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕೆಲಸ ಬಿಟ್ಟ ಮೇಲೆ ಬೆಳೆದ ಬಡ್ಡಿಗೆ ತೆರಿಗೆ ಇದೆ ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ (ಐಟಿಎಟಿ) 2017ರಲ್ಲಿ ತೀರ್ಪು ಕೊಟ್ಟಿದೆ. ಎಲ್ಲಾ ವಿದೇಶಿ ಖಾತೆಗಳ ಮೊತ್ತ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ಮೀರಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕಕ್ಕೆ ಸಲ್ಲಿಸಬೇಕು ಎನ್ನುವುದು ನಿಮಗೆ ಗೊತ್ತೇ ಇದೆ.

ಮಲ್ಲೇಶ್ವರಂ_ಹಿರಿಯ:
ನನಗೆ ಅಮೆರಿಕದ ಸೋಶಿಯಲ್ ಸೆಕ್ಯೂರಿಟಿ ಮಾತ್ರ ಬರುತ್ತದೆ. 25.5% ಹಿಡಿದು ಕೊಡುತ್ತಾರೆ. ಅದನ್ನೂ ಇಲ್ಲಿ ತೋರಿಸಬೇಕೇನಪ್ಪಾ?

ಲೆಕ್ಕದ_ಪುಸ್ತಕ:
ಹಿರಿಯರೇ, ಅದಕ್ಕೆ ಇಲ್ಲಿ ತೆರಿಗೆ ಇಲ್ಲ. ಭಾರತ-ಅಮೆರಿಕ ಒಪ್ಪಂದದ 20ನೇ ವಿಧಿಯ ಪ್ರಕಾರ ಸೋಶಿಯಲ್ ಸೆಕ್ಯೂರಿಟಿಗೆ ಕೊಡುವ ದೇಶ ಮಾತ್ರ ತೆರಿಗೆ ಹಾಕಬಹುದು. ರಿಟರ್ನ್‌ನಲ್ಲಿ ಒಪ್ಪಂದದ ವಿಧಿ ನಮೂದಿಸಿ, ತೆರಿಗೆ ಇಲ್ಲದ ಆದಾಯದ ಭಾಗದಲ್ಲಿ ತೋರಿಸಿ.

ಅದೇ ವಿಧಿ ಖಾಸಗಿ ಪಿಂಚಣಿಗೆ ಉಲ್ಟಾ ಹೇಳುತ್ತದೆ, ನಿವಾಸಿ ಆಗಿರುವ ದೇಶ ಮಾತ್ರ ತೆರಿಗೆ ಹಾಕಬಹುದು. ಆದರೆ ಪಿಂಚಣಿ ಎಂದರೆ ಕಾಲಕಾಲಕ್ಕೆ ಬರುವ ಹಣ. ಕುವೆಂಪುನಗರ ಸರ್ ಒಂದೇ ಸಲ ತೆಗೆದದ್ದರಿಂದ ಅಮೆರಿಕ ಹಿಡಿದುಕೊಂಡಿತು. ಮುಂದೆ ತಿಂಗಳ ಕಂತಿನಲ್ಲಿ ತೆಗೆಯುವುದಾದರೆ, ಅಲ್ಲಿನ ನಿವಾಸಿ ಅಲ್ಲ ಎಂದು ತಿಳಿಸುವ ಡಬ್ಲ್ಯು-8ಬೆನ್ ಫಾರ್ಮ್‌ನಲ್ಲಿ ಈ ವಿಧಿ ಬರೆದು ಕೊಟ್ಟು ಅಲ್ಲಿ ಹಿಡಿಯದ ಹಾಗೆ ಕೇಳಬಹುದು. ಎರಡೂ ದಾರಿಯಲ್ಲಿ ಲೆಕ್ಕ ಹಾಕಿ ನೋಡಿ ಆಮೇಲೆ ನಿರ್ಧರಿಸಿ.

ಹೇಳುತ್ತಿರುವಾಗಲೇ ಇನ್ನೊಂದು. ಕೆಲವರು ಅಣ್ಣನ ಮನೆಯದೋ ಸ್ನೇಹಿತರದೋ ಅಮೆರಿಕದ ವಿಳಾಸವನ್ನೇ ಖಾತೆಯಲ್ಲಿ ಬಿಟ್ಟಿರುತ್ತಾರೆ. ಆಗ ಕಂಪನಿ ಅವರನ್ನು ಅಲ್ಲಿನ ನಿವಾಸಿ ಎಂದುಕೊಂಡು 1099-ಆರ್ ಕೊಡುತ್ತದೆ. ಆಮೇಲೆ ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಓಡಾಡಬೇಕು. ಬಂದ ತಕ್ಷಣ ಇಲ್ಲಿನ ವಿಳಾಸ ಮತ್ತು ಡಬ್ಲ್ಯು-8ಬೆನ್ ಕೊಟ್ಟುಬಿಡಿ.

ಕುವೆಂಪುನಗರ_ಮನೆ:
ಇನ್ನು ಐಟಿಆರ್ ತುಂಬುವ ವಿಷಯ. ಯಾವ ಫಾರ್ಮ್, ಎಲ್ಲೆಲ್ಲಿ ತೋರಿಸಬೇಕು?

ಲೆಕ್ಕದ_ಪುಸ್ತಕ:
ಐಟಿಆರ್-2. ವಿದೇಶದಲ್ಲಿ ಖಾತೆ ಇರುವ ಪೂರ್ಣ ನಿವಾಸಿ ಐಟಿಆರ್-1 ತುಂಬುವಂತಿಲ್ಲ. ಮೊದಲು ಪೋರ್ಟಲ್‌ನಲ್ಲಿ 10-ಇಇ. ಇದಕ್ಕೆ ಗಡುವು ಜುಲೈ 31, ನಿಮ್ಮ ರಿಟರ್ನ್‌ನ ಗಡುವೇ ಅದಕ್ಕೂ. ನಿಮ್ಮ ಹೆಸರಿನಲ್ಲಿ ಐಆರ್‌ಎ ಏನಾದರೂ ಇದ್ದರೆ ಅದನ್ನೂ ಅದರಲ್ಲೇ ಸೇರಿಸಿ, ಆಯ್ಕೆ ಎಲ್ಲಾ ಖಾತೆಗೂ ಒಟ್ಟಿಗೆ. ರಿಟರ್ನ್‌ನಲ್ಲಿ 89ಎ ಗೆಂದೇ ಸಾಲುಗಳಿವೆ. ಆ ವರ್ಷದ ಬೆಳವಣಿಗೆಯನ್ನು ದೇಶದ ಹೆಸರಿನೊಂದಿಗೆ ತೋರಿಸಿ, ತೆಗೆಯದ ಭಾಗಕ್ಕೆ ರಿಲೀಫ್ ಪಡೆಯಿರಿ. ತೆರಿಗೆಗೆ ಬಂದ ಭಾಗ ವಿದೇಶಿ ಆದಾಯದ ಪಟ್ಟಿಯಾದ ಶೆಡ್ಯೂಲ್ ಎಫ್‌ಎಸ್‌ಐ ಯಲ್ಲೂ ಬರುತ್ತದೆ. ಡಾಲರನ್ನು ರೂಪಾಯಿಗೆ ಬದಲಿಸಲು ಎಸ್‌ಬಿಐ ಡಾಲರ್ ಕೊಳ್ಳುವ ದರ (ಟಿಟಿ ಬೈಯಿಂಗ್ ರೇಟ್), ಅದರ ಹಾಳೆ ಇಳಿಸಿಟ್ಟುಕೊಳ್ಳಿ.

ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎ ಅನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ, ನಮ್ಮ ಮಾರ್ಚ್ ವರ್ಷಕ್ಕಲ್ಲ. ಈ ಸಲ 2025ರ ಕ್ಯಾಲೆಂಡರ್ ವರ್ಷ. 401ಕೆ ಮಾತ್ರವಲ್ಲ, ನೂರು ಡಾಲರ್ ಉಳಿದಿರುವ ಹಳೆಯ ಚೆಕಿಂಗ್ ಖಾತೆ, ಎಚ್‌ಎಸ್‌ಎ (ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ), ಕಂಪನಿ ಕೊಟ್ಟ ಷೇರು ಎಲ್ಲಾ ಬರಬೇಕು. ಅತಿ ಹೆಚ್ಚು ಇದ್ದ ಮೊತ್ತ, ಡಿಸೆಂಬರ್ 31ರ ಮೊತ್ತ ಎರಡನ್ನೂ ಕೇಳುತ್ತಾರೆ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ, ಆದರೆ 401ಕೆ ಇರುವ ಬಹುತೇಕರು ಆ ಮಿತಿ ದಾಟಿರುತ್ತಾರೆ. ತೆರಿಗೆ ಸೊನ್ನೆ ಬಂದಿದ್ದರೂ ಈ ದಂಡ ಬೀಳಬಹುದು. ಆರ್‌ಎನ್‌ಒಆರ್ ಮತ್ತು ಅನಿವಾಸಿಗಳಿಗೆ ಮಾತ್ರ ಈ ಶೆಡ್ಯೂಲ್ ಬೇಡ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ನೀವು ಈಗ ಸಲ್ಲಿಸುವ 2025-26ರ ಆದಾಯಕ್ಕೆ ಹಳೆಯ ಕಾಯ್ದೆಯ ಕಲಂಗಳೇ. ಮುಂದಿನ ವರ್ಷದಿಂದ ಸಂಖ್ಯೆಗಳು ಬದಲಾಗುತ್ತವೆ.

ಡಲ್ಲಾಸ್_ಕನ್ನಡಿಗ:
ಖಾತೆದಾರ ತೀರಿಕೊಂಡರೆ ನಾಮಿನಿಗೆ ಏನಾಗುತ್ತದೆ ಎಂದೂ ಹೇಳಿಬಿಡಿ ಸರ್. ಯಾರೂ ಅದನ್ನು ಎತ್ತುವುದಿಲ್ಲ.

ಲೆಕ್ಕದ_ಪುಸ್ತಕ:
ಒಳ್ಳೆಯದು ನೆನಪಿಸಿದಿರಿ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇರದ ವ್ಯಕ್ತಿ ತೀರಿಕೊಂಡರೆ, ಅಲ್ಲಿರುವ ಆಸ್ತಿಯಲ್ಲಿ 60,000 ಡಾಲರ್‌ಗಿಂತ ಮೇಲಿನದಕ್ಕೆ ಅಮೆರಿಕ ಎಸ್ಟೇಟ್ ತೆರಿಗೆ ಹಾಕುತ್ತದೆ. ದರ 40%ವರೆಗೂ ಹೋಗುತ್ತದೆ. ಭಾರತದ ಜೊತೆ ಎಸ್ಟೇಟ್ ತೆರಿಗೆಯ ಒಪ್ಪಂದ ಇಲ್ಲ. ಕುವೆಂಪುನಗರ ಸರ್ ಖಾತೆಯಲ್ಲಿ ಇನ್ನೂ 1,90,000 ಇದೆ. ಅದಕ್ಕೇ ವರ್ಷಕ್ಕಿಷ್ಟು ಎಂದು 12% ಸ್ಲ್ಯಾಬ್ ಒಳಗೆ ತೆಗೆಯುತ್ತಾ ಬರುವುದು ನಿಮಗೆ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಹೊಸ ಬೆಳವಣಿಗೆಯ ಪಾಲು ವರ್ಷ ವರ್ಷ ಹೆಚ್ಚುತ್ತದೆ, ಆಗ ಇಲ್ಲಿನ ತೆರಿಗೆಯೂ ಬರಲು ಶುರುವಾಗುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಕುವೆಂಪುನಗರ_ಮನೆ:
ತುಂಬಾ ಧನ್ಯವಾದ ಸರ್. 1040-ಎನ್‌ಆರ್ ಕೆಲಸ ಈ ವಾರವೇ ಶುರು ಮಾಡುತ್ತೇನೆ. ನನ್ನ ಹೆಂಡತಿಯ ಹೆಸರಿನಲ್ಲೂ ಒಂದು ಸಣ್ಣ ಐಆರ್‌ಎ ಇದೆ. ಅವಳು ಏನೂ ತೆಗೆದಿಲ್ಲ, ಇಲ್ಲಿ ಆದಾಯವೂ ಇಲ್ಲ. ಅದನ್ನು ನನ್ನ ರಿಟರ್ನ್‌ನಲ್ಲೇ ತೋರಿಸಬಹುದಾ?

ಲೆಕ್ಕದ_ಪುಸ್ತಕ:
ಆಗುವುದಿಲ್ಲ. ಅವರ ಪ್ಯಾನ್ ಬೇರೆ, ರಿಟರ್ನ್ ಬೇರೆ. ಪೂರ್ಣ ನಿವಾಸಿಗೆ ವಿದೇಶದಲ್ಲಿ ಖಾತೆ ಇದ್ದರೆ ಆದಾಯ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಅವರಿಗೂ ಒಂದು ಐಟಿಆರ್-2, ಶೆಡ್ಯೂಲ್ ಎಫ್‌ಎ, ಜುಲೈ 31ರೊಳಗೆ ಅವರದೇ 10-ಇಇ. ಅವರು ನಿಮ್ಮ ಜೊತೆಗೇ ಬಂದಿದ್ದರೆ ಐಆರ್‌ಎ ಯ 2025ರ ಮಾರ್ಚ್ 31ರ ಸ್ಟೇಟ್‌ಮೆಂಟ್ ಕೂಡ ಈಗಲೇ ಇಳಿಸಿಕೊಳ್ಳಿ. ಅವರು ನಿಮಗಿಂತ ಮುಂಚೆ ಬಂದಿದ್ದರೆ ಅವರ ಆರ್‌ಎನ್‌ಒಆರ್ ಬೇಗ ಮುಗಿದಿರುತ್ತದೆ, ಆ ವರ್ಷದ ಮಾರ್ಚ್‌ನದು ಬೇಕು.